ಹಾಲು ಆಗಲ್ಲ ಅಂತ ಮೊಸರನ್ನೂ ಬಿಡಬೇಕಾ?

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತೆ, ವಯಸ್ಸು ಮೂವತ್ತು ದಾಟಿತು, ಇನ್ನು ಹಾಲು ಮೊಸರು ಎರಡನ್ನೂ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಬಿಟ್ಟು ಏನಾಯಿತು ಅಂತ ನಾನು ಹೇಳುತ್ತೇನೆ.

ಆಗ ನನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೆಳಿಗ್ಗೆ ದರ್ಶಿನಿಯಲ್ಲಿ ಕಾಫಿ, ಆಫೀಸಿನಲ್ಲಿ ಮತ್ತೆ ಕಾಫಿ, ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಡೊಳ್ಳು. ಹಾಲಿನದ್ದು ಏನೂ ಬೇಡ ಅಂತ ತೀರ್ಮಾನಿಸಿದೆ. ಕಾಫಿಗೆ ಬಾದಾಮಿ ಹಾಲು ಬಂತು. ಮೊಸರನ್ನ ಹೋಯಿತು, ಮಜ್ಜಿಗೆಯೂ ಹೋಯಿತು. “ಮೊಸರಿಲ್ಲದೆ ಊಟ ಮುಗಿಯುತ್ತೇನೇ?” ಅಂತ ಅಮ್ಮ ಕೇಳುತ್ತಲೇ ಇದ್ದರು. ಹೊಟ್ಟೆಯೇನೋ ಹಗುರಾಯಿತು.

ಕೆಲವು ವರ್ಷ ಏನೂ ಗೊತ್ತಾಗಲಿಲ್ಲ. ಆಮೇಲೆ ಅಂಗಾಲು ಜುಮುಜುಮು ಅನ್ನತೊಡಗಿತು. ನಾಲಿಗೆ ಉರಿ. ಮೆಟ್ರೋ ಮೆಟ್ಟಿಲು ಹತ್ತಿದರೆ ಸುಸ್ತು. ರಕ್ತ ಪರೀಕ್ಷೆಯಲ್ಲಿ ನರಗಳಿಗೆ ಬೇಕಾದ ವಿಟಮಿನ್ ಬಿ12 ತೀರಾ ಕಡಿಮೆ ಬಂತು, ಇಂಜೆಕ್ಷನ್ ಶುರುವಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ. ಸೊಪ್ಪು, ಬೇಳೆ, ರಾಗಿ ಯಾವುದನ್ನೂ ಬಿ12ಗೆ ನೆಚ್ಚಿಕೊಳ್ಳುವ ಹಾಗಿಲ್ಲ. ನಮ್ಮಂಥವರ ಊಟದಲ್ಲಿ ಅದು ಬರುವುದು ಹಾಲು, ಮೊಸರು, ಪನೀರಿನಿಂದಲೇ. ಬೇರೆಯಾಗಿ ಸೇರಿಸದಿದ್ದರೆ ಬಾದಾಮಿ ಹಾಲಿನಲ್ಲಿ ಅದು ಇರುವುದಿಲ್ಲ. ಲಿವರ್ ವರ್ಷಗಟ್ಟಲೆಗೆ ಆಗುವಷ್ಟು ಬಿ12 ಕೂಡಿಟ್ಟಿರುತ್ತದೆ, ಅದು ಕರಗುವವರೆಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ತೀರಾ ತಡವಾದರೆ ನರಗಳಿಗಾದ ತೊಂದರೆ ಪೂರ್ತಿ ವಾಸಿಯಾಗದೆಯೂ ಇರಬಹುದು.

ಹಾಲು ಬೇರೆ, ಮೊಸರು ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ, ನೀವೂ ಹಾಗೇ ಅಂದುಕೊಂಡಿದ್ದೀರಿ ಅನ್ನಿಸುತ್ತೆ. ಸಾಮಾನ್ಯವಾಗಿ ಹೊಟ್ಟೆ ಉಬ್ಬರಿಸುವುದು ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಅನ್ನುವ ಕಿಣ್ವ ಬಹಳ ಜನರಲ್ಲಿ ಬಾಲ್ಯ ಕಳೆದ ಮೇಲೆ ಕಡಿಮೆಯಾಗುತ್ತದೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದು ಪಾಲನ್ನು ಹುಳಿಯಾಗಿಸುತ್ತವೆ. ಉಳಿದದ್ದು ಜೀರ್ಣವಾಗಲು ಹೊಟ್ಟೆಯೊಳಗೂ ನೆರವಾಗುತ್ತವೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲೇ ಇದನ್ನು ಒಪ್ಪಿದೆ. ಆದರೆ ಕುದಿಸಿದರೆ ಅವು ಸಾಯುತ್ತವೆ, ಮಜ್ಜಿಗೆ ಹುಳಿ ಈ ಲೆಕ್ಕಕ್ಕೆ ಬರುವುದಿಲ್ಲ.

ಮೂವತ್ತಾದ ಮೇಲೆ ಬೇಡ ಅನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ಮೂಳೆ ತುಂಬಿಕೊಳ್ಳುವುದು ಮೂವತ್ತರ ಆಸುಪಾಸಿನವರೆಗೆ. ಆಮೇಲೆ ಇದ್ದದ್ದನ್ನು ಉಳಿಸಿಕೊಳ್ಳಬೇಕು, ಅಲ್ವಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200. 100 ಗ್ರಾಂ ಮೊಸರಿನಲ್ಲಿ ಸುಮಾರು 120 ಮಿಲಿಗ್ರಾಂ ಸಿಗುತ್ತದೆ, ಅಷ್ಟೇ ರಾಗಿಯಲ್ಲಿ 350ರ ಹತ್ತಿರ. ಮುದ್ದೆ ಉಂಡು ಮಜ್ಜಿಗೆ ಕುಡಿಯುವ ನಮ್ಮ ರೂಢಿ ಎಷ್ಟು ಒಳ್ಳೆಯದು ನೋಡಿ. ಸಕ್ಕರೆ ಸುರಿದ ಹಣ್ಣಿನ ಮೊಸರಿನ ಡಬ್ಬಿಗೆ ಸುಮ್ನೆ ದುಡ್ಡು ಹಾಕಬೇಡಿ.

ಸಸ್ಯಾಹಾರಿಯಾಗಿದ್ದರೆ ಮೊದಲು ಬಿ12 ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಮೊಸರೊಂದರಿಂದಲೇ ತುಂಬುವುದಿಲ್ಲ, ಔಷಧಿ ಬೇಕಾಗುತ್ತದೆ. ಮಧ್ಯಾಹ್ನದ ಊಟದ ಜತೆ ಅರ್ಧ ಲೋಟ ಮಜ್ಜಿಗೆಯಿಂದ ಶುರು ಮಾಡಿ, ಒಗ್ಗಿದರೆ ಮೊಸರನ್ನ ತಿನ್ನಿ. ಹಾಲು ಕುಡಿದಾಗ ಮೈಮೇಲೆ ದದ್ದು ಏಳುವುದು, ಉಸಿರು ಕಟ್ಟುವುದು ಇದ್ದರೆ ಮಾತ್ರ ಅದು ಅಲರ್ಜಿ ಇರಬಹುದು. ಆಗ ಮೊಸರೂ ಬೇಡ, ನೇರ ಡಾಕ್ಟರ ಹತ್ತಿರ ಹೋಗಿ.