ಜೇನಿಗೆ ಸೋಡಾ, ಕಣಜಕ್ಕೆ ನಿಂಬೆರಸ: ಈ ಲೆಕ್ಕಾಚಾರ ಎಷ್ಟು ಸರಿ?

ನಮಸ್ಕಾರ. ಅಡಿಕೆ ಕೊಯ್ಲಿನ ವೇಳೆ ಕೊನೆಗಾರರಿಗೆ ಕಣಜ ಕಚ್ಚಿದ್ದನ್ನೂ, ನೆರೆಯವರು ಜೇನು ಕಚ್ಚಿದರೆ ಅಡುಗೆ ಸೋಡಾ, ಕಣಜವಾದರೆ ನಿಂಬೆರಸ, ಎರಡೂ ಸಿಗದಿದ್ದರೆ ಎಲೆಯಡಿಕೆಯ ಸುಣ್ಣ ಎಂದು ಹೇಳಿದ್ದನ್ನೂ ಬರೆದು, ಇವುಗಳಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ಸುಣ್ಣವನ್ನು ಮಾತ್ರ ದಯವಿಟ್ಟು ಹಚ್ಚಬೇಡಿ. ಒದ್ದೆ ಸುಣ್ಣದ ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ಎಂದರೆ ತಟಸ್ಥ) 12ಕ್ಕಿಂತ ಹೆಚ್ಚು, ಅಂದರೆ ಅದು ತೀವ್ರ ಕ್ಷಾರ. ಚುಚ್ಚಿದ ಜಾಗದ ಮೇಲೆ ಅದು ಇನ್ನೊಂದು ಸುಟ್ಟಗಾಯ ಮಾಡಬಲ್ಲದು, ಕಣ್ಣಿಗೆ ತಗುಲಿದರೆ ದೃಷ್ಟಿಗೇ ಅಪಾಯ.

ಆಮ್ಲಕ್ಕೆ ಕ್ಷಾರ, ಕ್ಷಾರಕ್ಕೆ ಆಮ್ಲ ಎಂಬ ವಿವರಣೆಯನ್ನು ನಾವೆಲ್ಲ ಶಾಲೆಯ ವಿಜ್ಞಾನ ಪಾಠದಲ್ಲಿ ಓದಿದವರೇ. ಜೇನಿನ ವಿಷ ಪಿಎಚ್ 5ರ ಆಸುಪಾಸಿನಲ್ಲಿದ್ದು ಸ್ವಲ್ಪ ಆಮ್ಲೀಯ ಎಂಬುದು ನಿಜ. ಕಣಜದ್ದು ಕ್ಷಾರ ಎನ್ನುವುದಕ್ಕಿಂತ ಹೆಚ್ಚುಕಡಿಮೆ ತಟಸ್ಥ ಎನ್ನಬೇಕು. ಆದರೆ ಉರಿ ಹುಟ್ಟುವುದು ಈ ಆಮ್ಲೀಯತೆಯಿಂದಲ್ಲ. ಜೇನಿನ ಒಣ ವಿಷದಲ್ಲಿ ಸುಮಾರು ಅರ್ಧಭಾಗ ಮೆಲಿಟಿನ್ ಎಂಬ, 26 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಅದು ಜೀವಕೋಶಗಳ ಪೊರೆಯನ್ನೇ ಒಡೆಯುತ್ತದೆ, ಜೊತೆಗಿರುವ ಫಾಸ್ಫೊಲೈಪೇಸ್ ಎಂಬ ಕಿಣ್ವ ಆ ಕೆಲಸಕ್ಕೆ ನೆರವಾಗುತ್ತದೆ. ಒಂದು ಕಡಿತದಲ್ಲಿ ಒಳಹೋಗುವ ವಿಷ ಮಿಲಿಗ್ರಾಮಿನ ಹತ್ತರಲ್ಲೊಂದು ಭಾಗದಷ್ಟು. ಅಷ್ಟು ಅಲ್ಪ ಆಮ್ಲವನ್ನು ಪಿಎಚ್ 7.4ರಲ್ಲಿರುವ ನಮ್ಮ ರಕ್ತವೂ ಅದರಲ್ಲಿನ ಬೈಕಾರ್ಬೊನೇಟ್ ಎಂಬ ಕ್ಷಾರೀಯ ಅಂಶವೂ ತಾವೇ ತಟಸ್ಥಗೊಳಿಸುತ್ತವೆ. ಆದರೂ ಉರಿ ನಿಲ್ಲುವುದಿಲ್ಲ. ಮೇಲೆ ಹಚ್ಚಿದ ಸೋಡಾ ಚರ್ಮ ದಾಟಿ ಆ ಆಳಕ್ಕೆ ಇಳಿಯುವುದೂ ಇಲ್ಲ. ಸೋಡಾ ಹಚ್ಚಿದವರಿಗೆ ಹಿತವೆನಿಸುವುದು ಹೆಚ್ಚಾಗಿ ಒದ್ದೆ ಪುಡಿಯ ತಂಪಿನಿಂದ, ಮತ್ತು ನೋವು ಹೇಗೂ ಸ್ವಲ್ಪ ಹೊತ್ತಿನಲ್ಲಿ ಇಳಿಯುವುದರಿಂದ.

ಈ ಲೆಕ್ಕಾಚಾರಕ್ಕೆ ಒಂದಿಷ್ಟು ಆಧಾರವಿರುವುದು ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ, ನಮ್ಮ ಮಲೆನಾಡಿನ ಚಗಳಿ ಇರುವೆಯ ವಿಷಯದಲ್ಲಿ. ಅದಕ್ಕೆ ಚುಚ್ಚುವ ಕೊಂಡಿಯಿಲ್ಲ; ದವಡೆಯಿಂದ ಕಚ್ಚಿ, ಹೊಟ್ಟೆಯ ತುದಿಯನ್ನು ಮುಂದಕ್ಕೆ ಬಾಗಿಸಿ, ಗಾಯದ ಮೇಲೆ ಫಾರ್ಮಿಕ್ ಆಮ್ಲ ಚಿಮ್ಮುತ್ತದೆ. ಆಮ್ಲ ಮೇಲ್ಭಾಗದಲ್ಲೇ ಇರುವುದರಿಂದ ಸೋಪುನೀರಿನಲ್ಲಿ ತೊಳೆದರೆ ಸಾಕು. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ತಂದಿಟ್ಟ ಫಾರ್ಮಿಕ್ ಆಮ್ಲ ಮೈಮೇಲೆ ಬಿದ್ದರೂ ಸೋಡಾ ಹುಡುಕುತ್ತ ಹೊತ್ತು ಕಳೆಯದೆ, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು.

ಜೇನು ಚುಚ್ಚಿದಾಗ ಬೇಕಾದದ್ದು ವೇಗ. ಜೇನುನೊಣ ಹಾರಿಹೋದ ಮೇಲೂ ಚರ್ಮದಲ್ಲಿ ಉಳಿದ ಕೊಂಡಿಯನ್ನು ಹತ್ತಿರದಿಂದ ನೋಡಿದರೆ, ಅದಕ್ಕೆ ಅಂಟಿದ ಬಿಳಿಯ ವಿಷದ ಚೀಲ ಮಿಡಿಯುತ್ತಲೇ ಇರುತ್ತದೆ. ಹೆಚ್ಚಿನ ವಿಷ ಮೊದಲ 20 ಸೆಕೆಂಡುಗಳಲ್ಲೇ ಒಳಹೋಗುತ್ತದೆ. ಉಗುರಿನಿಂದ ಕೆರೆಯಬೇಕೋ ಚಿವುಟಿ ತೆಗೆಯಬೇಕೋ ಎಂಬ ಚರ್ಚೆ ಪದೇ ಪದೇ ಬರುತ್ತದೆ, ಆದರೆ ವಿಧಾನಕ್ಕಿಂತ ತಡವಾಗದಿರುವುದೇ ಮುಖ್ಯ. ಕೊಂಡಿಯಿಂದ ಹೊರಡುವ, ಬಾಳೆಹಣ್ಣಿನಂಥ ವಾಸನೆ ಉಳಿದ ಜೇನುಗಳನ್ನೂ ಅದೇ ಜಾಗಕ್ಕೆ ಕರೆಯುವುದರಿಂದ ಜೇನುಗೂಡಿನಿಂದ ಅಥವಾ ಜೇನುಪೆಟ್ಟಿಗೆಯಿಂದ ದೂರ ಸರಿದು ಆ ಜಾಗವನ್ನು ತೊಳೆಯಿರಿ. ಕಣಜ ಸಾಮಾನ್ಯವಾಗಿ ಕೊಂಡಿ ಬಿಟ್ಟುಹೋಗುವುದಿಲ್ಲ, ಹಾಗಾಗಿ ಹುಡುಕುವ ಅಗತ್ಯವಿಲ್ಲ. ಎರಡಕ್ಕೂ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣೀರಿನ ಪಟ್ಟಿ ಇಡಿ. ಬೆರಳಿಗೆ ಕಚ್ಚಿದ್ದರೆ ಊದುವ ಮೊದಲೇ ಉಂಗುರ ತೆಗೆಯಿರಿ. ತುರಿಕೆ ಹೆಚ್ಚಿದ್ದರೆ ವೈದ್ಯರನ್ನು ಕೇಳಿ ಸೆಟಿರಿಜಿನ್ ಮಾತ್ರೆ ತೆಗೆದುಕೊಳ್ಳಬಹುದು.

ತಮ್ಮ ಕೊನೆಗಾರರಿಗೆ ಕಚ್ಚಿದ ಜಾಗ ಮಾತ್ರ ಊದಿದ್ದರೆ ಗಾಬರಿ ಬೇಡ; ಮರುದಿನ ಊತ ಇನ್ನಷ್ಟು ಹೆಚ್ಚಿ ಆಮೇಲೆ ಇಳಿಯುವುದುಂಟು. ಮೈಯೆಲ್ಲ ದದ್ದು ಎದ್ದರೆ, ತುಟಿ ಅಥವಾ ಗಂಟಲು ಊದಿದರೆ, ಉಸಿರು ಕಟ್ಟಿದಂತಾದರೆ, ತಲೆ ಸುತ್ತಿದರೆ ಅದು ಅಲರ್ಜಿ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ಆದ್ದರಿಂದ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಕರೆ ಮಾಡಿ. ಹೆಜ್ಜೇನಿನ ಹಿಂಡು ಎರಗಿ ಹತ್ತಾರು ಕಡೆ ಚುಚ್ಚಿದ್ದರೆ, ವ್ಯಕ್ತಿ ಆರಾಮವಾಗಿ ಮಾತನಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು; ವಿಷದ ಪ್ರಮಾಣ ಹೆಚ್ಚಾದಾಗ ಮೂತ್ರಪಿಂಡಕ್ಕೆ ಆಗುವ ತೊಂದರೆ ಗಂಟೆಗಳ ನಂತರ, ಕೆಲವೊಮ್ಮೆ ಒಂದೆರಡು ದಿನ ಕಳೆದು ಕಾಣಿಸಿಕೊಳ್ಳುತ್ತದೆ.