ಪುಣೆಯಿಂದ ಆಗಸ್ಟ್‌ನಲ್ಲಿ ಪಾರಂಗ್ ಲಾ: ಹನ್ನೆರಡು ದಿನದ ರಜೆ ಸಾಕೇ? ಕುದುರೆಯವರಿಲ್ಲದೆ ಮೂವರೇ ಹೋಗಬಹುದೇ?

"ಎಂಟು ಮಳೆಗಾಲ ಸಹ್ಯಾದ್ರಿ ತಿರುಗಿದ್ದೇವೆ, ಹಳ್ಳ ದಾಟುವುದು ನಮಗೆ ಹೊಸದಲ್ಲ" ಅಂತ ಬರೆದಿದ್ದೀರಿ. ಆ ಒಂದು ಸಾಲಿಗಾಗಿ ಈ ಉತ್ತರ ಬರೆಯುತ್ತಿದ್ದೇನೆ. ಈ ನಡಿಗೆ ಶುರುವಾಗುವ, ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಊರಿನಲ್ಲಿ ನಮ್ಮ ಕುದುರೆಯವರ ಮುಂದೆ ನಾನೂ ಹೆಚ್ಚುಕಡಿಮೆ ಇದೇ ಮಾತು ಆಡಿದ್ದೆ. ಏಳನೆಯ ದಿನ ಪಾರೆ ಚು ನದಿಯ ದಂಡೆಯಲ್ಲಿ ನನ್ನ ಗೆಳೆಯ ತೊಯ್ದ ಮೈಯಲ್ಲಿ ನಡುಗುತ್ತ ಕೂತಿದ್ದ. ಸ್ಟೋವು, ಸೀಮೆಎಣ್ಣೆ, ಅಕ್ಕಿ ಬೇಳೆ ಎಲ್ಲವೂ ಆಚೆ ದಂಡೆಯಲ್ಲಿದ್ದವು.

ನಾವೂ ಮೂವರೇ. ಭಾನುವಾರ ಸಿಂಹಗಡ, ವರ್ಷಕ್ಕೊಮ್ಮೆ ರಾತ್ರಿ ಕಾತ್ರಜ್‌ನಿಂದ ಸಿಂಹಗಡದವರೆಗಿನ ಹದಿಮೂರು ಗುಡ್ಡ, ಮಳೆ ಹಿಡಿದರೆ ಅಂಧಾರಬನ. ಸ್ಪಿತಿಯಿಂದ ಲಡಾಖ್ ಕಡೆ ದಾಟುವ ಪಾಸ್ ಈ ಪಾರಂಗ್ ಲಾ, ಎತ್ತರ ಸುಮಾರು 5,580 ಮೀಟರ್; ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಕೊನೆಯ ಜಲ್ಲಿಗುಡ್ಡವನ್ನು ನಿಧಾನವಾಗಿ, ಹತ್ತು ಹೆಜ್ಜೆಗೊಮ್ಮೆ ನಿಂತು ಏರಿದೆವು. ಆಚೆ ಬದಿಯ ಹಿಮನದಿಯನ್ನು ಬೆಳಗ್ಗೆ ಹಿಮ ಗಟ್ಟಿಯಿರುವಾಗಲೇ, ಕುದುರೆಗಳ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಇಳಿದೆವು. ನೀವು ಹೆದರುತ್ತಿರುವುದು ಈ ಭಾಗಕ್ಕೆ. ನಮಗೆ ಇಲ್ಲಿ ಏನೂ ಆಗಲಿಲ್ಲ.

ಪಾಸ್ ಇಳಿದ ಮೇಲೆ ಮೂರು ನಾಲ್ಕು ದಿನ ಪಾರೆ ಚು ಜೊತೆಗೇ ನಡಿಗೆ. ಅಗಲವಾದ, ಮರವಿಲ್ಲದ ಕಣಿವೆ. ಮಧ್ಯಾಹ್ನವಾದರೆ ಮುಖಕ್ಕೆ ಮರಳು ಎರಚುವ ಗಾಳಿ. ನೋರ್ಬು ಸುಮ್ದೊ ಹತ್ತಿರ ನದಿ ಪೂರ್ವಕ್ಕೆ ತಿರುಗಿ ಟಿಬೆಟ್‌ ಕಡೆ ಹೋಗುತ್ತದೆ, ನಾವು ಅದನ್ನು ದಾಟಿ ಉತ್ತರಕ್ಕೆ ತ್ಸೊ ಮೊರಿರಿ ಸರೋವರದ ಕಡೆ ಹೋಗಬೇಕು. ಸೇತುವೆ ಇಲ್ಲ. (2004ರಲ್ಲಿ ಟಿಬೆಟ್‌ನಲ್ಲಿ ಗುಡ್ಡ ಕುಸಿದು ಅಡ್ಡಗಟ್ಟಿದ್ದು ಇದೇ ನದಿಗೆ. 2005ರ ಜೂನ್‌ನಲ್ಲಿ ಆ ಕಟ್ಟು ಒಡೆದು ಸತ್ಲಜ್ ಕಣಿವೆಯ ಸೇತುವೆಗಳು ಕೊಚ್ಚಿಹೋದವು.)

ಹಿಂದಿನ ರಾತ್ರಿ ನಾವು ದಾಟುವ ಜಾಗಕ್ಕೆ ನಾಲ್ಕೈದು ತಾಸು ಮೇಲೆ ಟೆಂಟ್ ಹಾಕಿದ್ದೆವು. ಬೆಳಗ್ಗೆ ಐದಕ್ಕೆ ಹೊರಡಬೇಕು ಎಂದು ಕುದುರೆಯವರು ಎರಡು ಸಲ ಹೇಳಿದ್ದರು. ಎದ್ದು ನೋಡಿದರೆ ಟೆಂಟಿನ ಹೊರಬಟ್ಟೆಯ ಒಳಮೈಗೆಲ್ಲ ಮಂಜು ಹೆಪ್ಪುಗಟ್ಟಿತ್ತು. ಒದ್ದೆ ಟೆಂಟ್ ಮಡಚಬಾರದು ಅನ್ನುವುದು ನಮ್ಮ ಮಳೆಗಾಲದ ಅಭ್ಯಾಸ: ಭಾರ ಹೆಚ್ಚುತ್ತದೆ, ಬೂಸ್ಟು ಹಿಡಿಯುತ್ತದೆ. ಬಿಸಿಲು ಬರಲಿ, ಒಣಗಿಸಿಕೊಂಡು ಹೊರಡೋಣ ಎಂದು ನಿರ್ಧರಿಸಿದವನು ನಾನು. ಮೂರು ದಿನದಿಂದ ಒಂದು ಹನಿ ಮಳೆಯಿರಲಿಲ್ಲ, ಆಕಾಶ ತೊಳೆದಿಟ್ಟಂತಿತ್ತು, ಹೊಳೆ ಇಳಿದೇ ಇರುತ್ತದೆ ಎಂದು ಲೆಕ್ಕ ಹಾಕಿದೆ. ಕುದುರೆಯವರು ಅಡುಗೆ ಸಾಮಾನು ಹೇರಿಕೊಂಡು ಮುಂದೆ ಹೋದರು. ನಾವು ಹೊರಟಾಗ ಒಂಬತ್ತಾಗಿತ್ತು, ನೀರಿನ ಹತ್ತಿರ ಬಂದಾಗ ಎರಡೂವರೆ.

ಈ ತಪ್ಪು ನಿಮ್ಮ ಮೈಯಲ್ಲೂ ಇರುವುದು ಖಂಡಿತ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಹ್ಯಾದ್ರಿಯ ಹಳ್ಳಕ್ಕೆ ಮಳೆಯೇ ಒಡೆಯ. ಕಡಿದಾದ ಕರಿಕಲ್ಲಿನ ಮೇಲೆ ಬಿದ್ದ ನೀರು ಅರ್ಧ ತಾಸಿನಲ್ಲಿ ಕೆಳಗಿರುತ್ತದೆ; ಮಳೆ ನಿಂತು ಎರಡು ಮೂರು ತಾಸು ಕಾದರೆ ಹಳ್ಳ ಇಳಿಯುತ್ತದೆ. ಅದಕ್ಕೇ ನಮಗೆ ಮೋಡ ಕಂಡರೆ ಭಯ, ಬಿಸಿಲು ಕಂಡರೆ ಧೈರ್ಯ. ಸ್ಪಿತಿಯ ಕಡೆ ಇದು ತಲೆಕೆಳಗು. ಅಲ್ಲಿ ಮಳೆ ಕಡಿಮೆ, ನೀರೆಲ್ಲ ಹಿಮ ಕರಗಿ ಬರುವುದು. ರಾತ್ರಿ ಚಳಿಗೆ ಕರಗುವುದು ನಿಲ್ಲುತ್ತದೆ, ನದಿ ಬೆಳಗಿನ ಹೊತ್ತಿಗೆ ಸಣ್ಣಗಾಗುತ್ತದೆ. ಬಿಸಿಲೇರಿದ ಹಾಗೆ ಮೇಲೆ ಕರಗಲು ಶುರುವಾಗುತ್ತದೆ, ಎರಡೂ ಬದಿಯ ಹಳ್ಳಗಳು ಅದನ್ನು ಮಧ್ಯಾಹ್ನಕ್ಕೆ ತಂದು ಸುರಿಯುತ್ತವೆ. ಮೋಡ ಕವಿದ ತಣ್ಣನೆಯ ದಿನ ನೀರು ಕಡಿಮೆ, ಆಕಾಶ ತಿಳಿಯಾಗಿದ್ದ ದಿನವೇ ಹೆಚ್ಚು. ಮೂರು ದಿನ ಸತತ ಬಿಸಿಲಿತ್ತು ಅಂದರೆ ಮೂರನೆಯ ದಿನದ ನೀರು ಮೊದಲ ದಿನದ್ದಕ್ಕಿಂತ ಜಾಸ್ತಿ. ನನಗೆ ಧೈರ್ಯ ಕೊಟ್ಟ ಲೆಕ್ಕದ ಪ್ರತಿಯೊಂದು ಅಂಕಿಯೂ ನನಗೆ ವಿರುದ್ಧವಾಗಿಯೇ ಇತ್ತು.

ಎರಡೂವರೆಗೆ ನದಿ ಬೂದಿಬಣ್ಣಕ್ಕೆ ತಿರುಗಿತ್ತು. ತಳದಲ್ಲಿ ಕಲ್ಲುಗಳು ಉರುಳುವ ಗುಡುಗುಡು ಸದ್ದು ಕಿವಿಗೆ ಬೀಳುತ್ತಿತ್ತು. ಇದೊಂದು ಸದ್ದು ಕೇಳಿದರೆ ಮತ್ತೆ ಯೋಚಿಸಬೇಡಿ, ಕೂತುಬಿಡಿ. ಆಚೆ ದಂಡೆಯಿಂದ ಕುದುರೆಯವರು ಬರಬೇಡಿ ಎಂದು ಕೈ ಬೀಸುತ್ತಿದ್ದರು. ನಾವು ಮಾತ್ರ ಆಕಡೆ ಒಲೆ ಉರಿಯುತ್ತಿರುವುದನ್ನು ನೋಡಿದೆವು.

ಗೆಳೆಯ ಮೊದಲು ಇಳಿದ. ನದಿ ಅಲ್ಲಿ ಹಲವು ಸೀಳಾಗಿ ಕವಲೊಡೆದು ಹರಿಯುತ್ತಿತ್ತು. ಮೊದಲ ಎರಡು ಸೀಳು ಮೊಣಕಾಲಿಗಿಂತ ಕೆಳಗೇ ಇದ್ದವು, ಮೂರನೆಯದು ತೊಡೆ ಮುಟ್ಟಿತು. ಬ್ಯಾಗಿನ ಸೊಂಟಪಟ್ಟಿ ಬಿಗಿದೇ ಇತ್ತು, ಬೂಟು ಲೇಸಿನಿಂದ ಕೊರಳಿಗೆ ನೇತುಬಿದ್ದಿತ್ತು, ಕಾಲು ಬರಿಗಾಲು. ಕಲ್ಲು ಜಾರಿ ಬಿದ್ದವನನ್ನು ಸೆಳವು ಹತ್ತು ಹದಿನೈದು ಮೀಟರ್ ಎಳೆದುಕೊಂಡು ಹೋಗಿ ನಮ್ಮ ಬದಿಯ ಜಲ್ಲಿದಿಬ್ಬಕ್ಕೇ ತಂದು ಹಾಕಿತು. ಅದು ಅದೃಷ್ಟ. ಒಂದು ಬೂಟು ಹೋಯಿತು. ಅವನ ಸ್ಲೀಪಿಂಗ್ ಬ್ಯಾಗ್ ಬಾತುಕೋಳಿ ಪುಕ್ಕದ್ದು, ತೊಯ್ದರೆ ಒದ್ದೆ ಕೌದಿಗಿಂತ ಕಡೆ, ಬೆಚ್ಚಗೆ ಇಡುವ ಶಕ್ತಿ ಪೂರ್ತಿ ಹೋಗುತ್ತದೆ. ಆ ರಾತ್ರಿ ಎರಡು ಸ್ಲೀಪಿಂಗ್ ಬ್ಯಾಗನ್ನು ಬಿಚ್ಚಿ ಹರಡಿ, ಅವನನ್ನು ನಡುವೆ ಹಾಕಿಕೊಂಡು ಮೂವರೂ ಮಲಗಿದೆವು. ಊಟಕ್ಕಿದ್ದದ್ದು ಬ್ಯಾಗಿನ ಮೇಲಿನ ಜೇಬಿನಲ್ಲಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಅಂಟಿನ ಉಂಡಿ. ಬಿಸಿ ನೀರೂ ಇರಲಿಲ್ಲ. ಬೆಳಗ್ಗೆ ಏಳಕ್ಕೆ ಅದೇ ಜಾಗದಲ್ಲಿ ನೀರು ಮೊಣಕಾಲು ಮುಟ್ಟಲಿಲ್ಲ. ಐದು ನಿಮಿಷದಲ್ಲಿ ದಾಟಿದೆವು. ಅವನು ಮುಂದಿನ ದಾರಿಯನ್ನೆಲ್ಲ ಚಪ್ಪಲಿಯಲ್ಲೇ ನಡೆದ. ಎರಡು ಬೆರಳಿಗೆ ಸಂಕ್ರಾಂತಿಯವರೆಗೂ ಸ್ಪರ್ಶ ಬಂದಿರಲಿಲ್ಲ. ಅವನ ಮನೆಯವರ ಎದುರು ಕೂತು ಇದನ್ನೆಲ್ಲ ಹೇಳಬೇಕಾಗಿ ಬಂದ ದಿನವನ್ನು ನಾನು ಮರೆತಿಲ್ಲ.

ಇನ್ನು ದಾಟುವ ರೀತಿ. ಜಾಗ ಆರಿಸುವಾಗ ಅಗಲವಾದದ್ದನ್ನೇ ಹುಡುಕಿ. ನದಿ ನಾಲ್ಕೈದು ಸೀಳಾಗಿ ಹರಡಿರುವಲ್ಲಿ ಆಳ ಹಂಚಿಹೋಗುತ್ತದೆ. ಕಿರಿದಾದ ಜಾಗ ಹತ್ತಿರವಾಗಿ ಕಂಡರೂ ಅಲ್ಲೇ ಆಳ, ಅಲ್ಲೇ ಸೆಳವು. ತಿರುವಿನ ಹೊರಬದಿ ಬೇಡ. ಬರಿಗಾಲಲ್ಲಿ ಇಳಿಯಬೇಡಿ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಆ ನೀರಿನಲ್ಲಿ ಒಂದೆರಡು ನಿಮಿಷಕ್ಕೆ ಪಾದ ಮರಗಟ್ಟುತ್ತದೆ, ಆಮೇಲೆ ಏನು ತುಳಿಯುತ್ತಿದ್ದೀರಿ ಎಂದು ತಿಳಿಯುವುದಿಲ್ಲ. ಬೂಟು ಬ್ಯಾಗಿನೊಳಗೆ. ಸೊಂಟಪಟ್ಟಿ, ಎದೆಪಟ್ಟಿ ಎರಡನ್ನೂ ಬಿಚ್ಚಿ, ಬಿದ್ದರೆ ಬ್ಯಾಗನ್ನು ಕಳಚಿ ಎಸೆಯುವಂತಿರಬೇಕು. ಮುಖ ನೀರು ಬರುವ ಕಡೆ, ಕೋಲು ಮುಂದೆ ಊರಿ, ಒಂದು ಸಲಕ್ಕೆ ಒಂದನ್ನೇ ಎತ್ತಿ, ಕೋಲಾದರೆ ಕೋಲು, ಕಾಲಾದರೆ ಕಾಲು. ಅಡ್ಡಡ್ಡ ಸರಿಯುತ್ತ, ಸ್ವಲ್ಪ ಕೆಳಮುಖವಾಗಿ ಸಾಗಿ. ಮೂವರಿದ್ದರೆ ಹೆಗಲು ಹಿಡಿದು ತ್ರಿಕೋನವಾಗಿ ನಿಲ್ಲಿ, ಭಾರವಿದ್ದವರು ಸೆಳವಿಗೆ ಎದುರಾಗಿ. ಹಗ್ಗವನ್ನು ಮೈಗೆ ಕಟ್ಟಿಕೊಳ್ಳಬೇಡಿ. ಬಿದ್ದರೆ ಹಗ್ಗ ಬಿಗಿದು ನೀರೊಳಗೇ ಹಿಡಿದಿಡುತ್ತದೆ. ಜೋರು ಹರಿವಿನಲ್ಲಿ ಮೊಣಕಾಲೇ ಗಡಿ.

ಗಡಿಯಾರವನ್ನೂ ಪೂರ್ತಿ ನಂಬಬೇಡಿ. ಹಿಮನದಿಯ ಬುಡದಲ್ಲಿ ಸಂಜೆಗೆ ಏರಿದ ನೀರು ಮೂವತ್ತು ನಲವತ್ತು ಕಿಲೋಮೀಟರ್ ಕೆಳಗೆ ಬರಲು ತಾಸುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಕೆಳಗೆ ನೀರು ಇಳಿಯುವುದೂ ಅಷ್ಟೇ ತಡ. ಹಿಂದಿನ ದಿನವೇ ದಂಡೆಗೆ ಬಂದು ಮಲಗಿ, ನೀರಿನ ಅಂಚಿಗೆ ಒಂದು ಕಲ್ಲಿಡಿ. ಸಂಜೆ, ಮಲಗುವಾಗ, ಎದ್ದಾಗ ನೋಡಿ. ನೀರು ಕಲ್ಲಿನಿಂದ ಹಿಂದೆ ಸರಿಯುತ್ತಿದೆಯೋ ಮುಂದೆ ಬರುತ್ತಿದೆಯೋ ಎಂಬುದರ ಮೇಲೆ ದಾಟುವ ಹೊತ್ತು ನಿಗದಿಯಾಗಲಿ.

ಕುದುರೆಯವರು ಬೇಡ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅವರನ್ನು ಬರೀ ಸಾಮಾನು ಹೊರಿಸಲು ಅಂತ ಲೆಕ್ಕ ಹಿಡಿದಿದ್ದೀರಿ. ಸಾಮಾನಿನ ಲೆಕ್ಕವೇ ನೋಡಿದರೂ ಒಂಬತ್ತು ದಿನದ ಒಣ ದಿನಸಿ ತಲೆಗೆ ಆರೇಳು ಕಿಲೋ. ಟೆಂಟು, ಇಂಧನ ಸೇರಿ ಬ್ಯಾಗ್ ಇಪ್ಪತ್ತು ದಾಟುತ್ತದೆ, ಆ ಭಾರದಲ್ಲಿ 5,500 ಮೀಟರ್ ಎತ್ತರಕ್ಕೆ ಏರಿದರೆ ಮುಂದೆ ಹೊಳೆಯಲ್ಲಿ ನಿಲ್ಲಲು ಕಾಲಲ್ಲಿ ಬಲವಿರುವುದಿಲ್ಲ. ಅದಕ್ಕಿಂತ ದೊಡ್ಡದು ಎಂದರೆ ಈ ವರ್ಷ ಯಾವ ಸೀಳು ಆಳ, ಯಾವುದು ತೆಳು ಎಂಬುದು ನಕ್ಷೆಯಲ್ಲಿರುವುದಿಲ್ಲ, ಅವರ ಕಣ್ಣಿನಲ್ಲಿರುತ್ತದೆ. ನಡಿಗೆ ಮುಗಿಯುವುದು ತ್ಸೊ ಮೊರಿರಿ ದಂಡೆಯ ಕಾರ್ಜೋಕ್ ಊರಿನಲ್ಲಿ; ಅಲ್ಲಿಂದ ಅವರು ವಾಪಸು ನಡೆದು ಹೋಗುವ ದಿನಗಳಿಗೂ ಕೂಲಿ ಕೊಡಬೇಕು, ಮಾತನಾಡುವಾಗಲೇ ಅದನ್ನು ಸೇರಿಸಿ.

ಹನ್ನೆರಡು ದಿನಕ್ಕೆ ಪಾರಂಗ್ ಲಾ ಬೇಡ. ಪುಣೆ ಇರುವುದು 560 ಮೀಟರ್‌ನಲ್ಲಿ, ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ 1,646. ಸಿಂಹಗಡ ಎಷ್ಟು ಸಲ ಹತ್ತಿದರೂ ಕಾಲಿಗೆ ಬಲ ಬರುತ್ತದೆಯೇ ಹೊರತು ರಕ್ತಕ್ಕೆ ಎತ್ತರದ ಅಭ್ಯಾಸ ಆಗುವುದಿಲ್ಲ. ಮನಾಲಿ ಕಡೆಯಿಂದ ಎರಡೇ ದಿನಕ್ಕೆ ಸ್ಪಿತಿಯ ಕಾಜಾ ಮುಟ್ಟಿ ಮೂರನೆಯ ದಿನ ಕಿಬ್ಬರ್‌ನಿಂದ ನಡೆಯುವ ಯೋಜನೆ ತಲೆನೋವು, ವಾಂತಿಗೆ ದಾರಿ, ಮುಂದುವರಿದರೆ ಶ್ವಾಸಕೋಶದಲ್ಲಿ ನೀರು. 3,000 ಮೀಟರ್ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500ಕ್ಕಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಇರಬೇಕು. ನನ್ನ ಲೆಕ್ಕ: ಚಂಡೀಗಡಕ್ಕೆ ವಿಮಾನ, ಶಿಮ್ಲಾ, ಕಲ್ಪಾ, ನಾಕೊ, ಕಾಜಾದಲ್ಲಿ ಎರಡು ರಾತ್ರಿ, ಕಿಬ್ಬರ್‌ನಲ್ಲಿ ಎರಡು ರಾತ್ರಿ. ಆಮೇಲೆ ನಡಿಗೆ ಎಂಟು ದಿನ, ನೀರಿಗಾಗಿ ಕಾಯಲು ಒಂದು ದಿನ, ಕಾರ್ಜೋಕ್‌ನಿಂದ ಲೇಹ್, ವಾಪಸು ವಿಮಾನ. ಹದಿನೆಂಟು ಇಪ್ಪತ್ತು ದಿನ. ಝೇಲಂ ಎಕ್ಸ್‌ಪ್ರೆಸ್ಸಿನಲ್ಲಿ ಅಂಬಾಲಾವರೆಗೆ ಹೋಗುವುದಾದರೆ ಇನ್ನೂ ಒಂದು ದಿನ ಸೇರಿಸಿ. ಆಗಸ್ಟ್‌ನಲ್ಲಿ ಕಿನ್ನೌರ್ ರಸ್ತೆಗೆ ಗುಡ್ಡ ಜರಿಯುವುದು ಹೊಸದಲ್ಲ.

ಹನ್ನೆರಡೇ ದಿನ ಸಿಗುವುದಾದರೆ ಭಾಬಾ ಪಾಸ್ ಮಾಡಿ: ವಾಂಗ್ಟು ಹತ್ತಿರದ ಕಾಫ್ನು ಊರಿನಿಂದ ಮುಲ್ಲಿಂಗ್, ಕಾರಾ, ಫುತ್ಸಿರಂಗ್ ಮೇಲೆ ಪಿನ್ ಕಣಿವೆಯ ಮುದ್ ಊರಿಗೆ. 2,400 ಮೀಟರ್‌ನಿಂದ ಮೆಲ್ಲಗೆ ಏರಿ ಸುಮಾರು 4,900 ಮುಟ್ಟುತ್ತೀರಿ. ಕಾರಾದಲ್ಲಿ ಎರಡು ರಾತ್ರಿ ಇರಿ. ಭಾಬಾ ಬದಿಗೆ ಮಳೆ ಬರುತ್ತದೆ, ಹಾಗಾಗಿ ಆಗಸ್ಟ್ ಬಿಟ್ಟು ಸೆಪ್ಟೆಂಬರ್ ಮೊದಲ ವಾರ. ಅಲ್ಲೂ ಕಾರಾ ಬಳಿಯ ಹೊಳೆಯನ್ನು ಬೆಳಗ್ಗೆಯೇ ದಾಟಬೇಕು. ನೀವು ಹೆಸರಿಸಿದ ಪಿನ್ ಪಾರ್ವತಿ ಪಾಸ್ ಇದೇ ರಜೆಯಲ್ಲಿ ಆಗುವ ಮಾತಲ್ಲ.

ಸಾಮಾನು ಕಟ್ಟುವಾಗ ಗೊಬ್ಬರದ ಚೀಲದೊಳಗೆ ಬರುವ ದಪ್ಪ ಪ್ಲಾಸ್ಟಿಕ್ ಚೀಲವನ್ನು ತೊಳೆದು ತಲೆಗೆ ಎರಡರಂತೆ ಒಯ್ಯಿರಿ. ಊರಲ್ಲಿ ಹೊಲವಿದ್ದವರಿಗೆ ಅದು ಸುಲಭಕ್ಕೆ ಸಿಗುತ್ತದೆ. ಒಂದರಲ್ಲಿ ಸ್ಲೀಪಿಂಗ್ ಬ್ಯಾಗ್ ಮತ್ತು ಒಣ ಬಟ್ಟೆ, ಬಾಯಿ ತಿರುಚಿ ಮಡಚಿ ರಬ್ಬರ್ ಹಾಕಿ. ಇನ್ನೊಂದು ಟೆಂಟಿಗೆ. ಬೆಳಗ್ಗೆ ನಾಲ್ಕೂವರೆಗೆ ಮಂಜಿನ ಸಮೇತ ಅದರಲ್ಲಿ ತುರುಕಿ ಹೊರಡಿ. ಹೊಳೆ ದಾಟಿ, ಬಿಸಿಲೇರಿದ ಮೇಲೆ ತಿಂಡಿಗೆ ಕೂತಾಗ ಕಲ್ಲುಗಳ ಮೇಲೆ ಹರಡಿ, ನಾಲ್ಕು ಮೂಲೆಗೆ ಭಾರ ಇಡಿ. ಅಲ್ಲಿಯ ಒಣಗಾಳಿಗೆ ಹದಿನೈದು ನಿಮಿಷದಲ್ಲಿ ಒಣಗುತ್ತದೆ. ಮರುದಿನ ಹೊಳೆಯ ಆಚೆ ನಮ್ಮದೂ ಅಷ್ಟರಲ್ಲೇ ಒಣಗಿತ್ತು.