ಬಾವಲಿಗೆ ಕುಲದ ಚಿಂತೆ ಇದೆಯೇ?

ನಮಸ್ಕಾರ.

ಜೀವಿಗಳಲ್ಲಿ ಪರೋಪಕಾರ ಹೇಗೆ ಬೆಳೆದು ಬಂತು ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಪುಟದಲ್ಲಿ ನಿಂತುಬಿಟ್ಟೆ. ‘ರಕ್ತ ಹೀರುವ ಬಾವಲಿ ತನ್ನ ಕುಲ ಉಳಿಯಲೆಂದು ಹಸಿದ ಬಾವಲಿಗೆ ರಕ್ತ ಕಕ್ಕಿ ಕೊಡುತ್ತದೆ’ ಅಂದಿದ್ದೀರಿ.

ಕುಲದ ಚಿಂತೆ ಬಾವಲಿಗೆಲ್ಲಿಂದ ಬಂತು? ಎಲ್ಲವೂ ಹಂಚಿಕೊಳ್ಳುವ ಗುಂಪಿನಲ್ಲಿ, ತೆಗೆದುಕೊಳ್ಳುವುದಷ್ಟೇ ಗೊತ್ತಿರುವ ಒಂದು ಹುಟ್ಟಿತು ಅಂತಿಟ್ಟುಕೊಳ್ಳಿ. ಅದಕ್ಕೆ ಖರ್ಚಿಲ್ಲ, ಬರೀ ಲಾಭ. ಅದರ ಮರಿಗಳೇ ಜಾಸ್ತಿ ಬದುಕುತ್ತವೆ. ತಲೆಮಾರು ಕಳೆದ ಹಾಗೆ ಕೊಡುವಂಥವು ಇಲ್ಲವಾಗಬೇಕು, ಅಲ್ವಾ? ಆದರೂ ಕೊಡುವ ಗುಣ ಉಳಿದಿದೆ. ಹೇಗೆ? ಲೇಖನ ಶುರುವಾಗಬೇಕಾದದ್ದೇ ಇಲ್ಲಿ. ನೀವು ದಾಟಿ ಹೋಗಿದ್ದೀರಿ.

ಮುಂದಿನ ಸಾಲು: ‘ಭೇದವೆಣಿಸದೆ ಎಲ್ಲಕ್ಕೂ ಕೊಡುತ್ತವೆ.’ ಇಲ್ಲ ಮಾರಾಯ್ರೇ. ಜೀವವಿಜ್ಞಾನಿ ಜೆರಾಲ್ಡ್ ವಿಲ್ಕಿನ್ಸನ್ ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಕಂಡು 1984ರಲ್ಲಿ ಬರೆದದ್ದು ಇದಕ್ಕೆ ಉಲ್ಟಾ. ಅವು ಕೊಡುವುದು ನೆಂಟರಿಗೆ, ಇಲ್ಲವೇ ಒಂದೇ ಪೊಟರೆಯಲ್ಲಿ ಜೊತೆಗಿದ್ದು ರೂಢಿಯಾದವಕ್ಕೆ. ಎರಡು ಮೂರು ರಾತ್ರಿ ಉಪವಾಸ ಬಿದ್ದರೆ ಈ ಬಾವಲಿ ಸಾಯುತ್ತದೆ. ಹೊಟ್ಟೆ ತುಂಬಿದ್ದಕ್ಕೆ ಒಂದು ಗುಟುಕು ದೊಡ್ಡದಲ್ಲ, ಹಸಿದದ್ದಕ್ಕೆ ಅದೇ ಜೀವ. ಕೊಟ್ಟದ್ದು ಮುಂದೊಂದು ದಿನ ತಿರುಗಿ ಬರುವ ಹಾಗಿದ್ದರೆ ಕೊಟ್ಟ ಬಾವಲಿಗೂ ಲಾಭವೇ. ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1971ರಲ್ಲಿ ಹೇಳಿದ್ದು ಇದನ್ನೇ. ನೆಂಟರಲ್ಲೂ ತನ್ನವೇ ವಂಶವಾಹಿಗಳಿರುವುದರಿಂದ ಅವಕ್ಕೆ ಕೊಟ್ಟರೂ ಕೊಡುವ ಗುಣ ಉಳಿಯುತ್ತದೆ ಅನ್ನುವ ಲೆಕ್ಕ ಜೀವವಿಜ್ಞಾನಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ ಅವರದ್ದು, 1964ರದ್ದು. ಅದನ್ನೂ ಸೇರಿಸಿ.

ನಾನು ಉಡುಪಿಯಲ್ಲಿ ಕೆಲಸ ಕಲಿಯುವಾಗ ನಮ್ಮ ಹಿರಿಯ ಸಂಪಾದಕರು ಇಂಥ ಸಾಲುಗಳ ಪಕ್ಕ ಕೆಂಪು ಶಾಯಿಯಲ್ಲಿ ‘ಕಂಡವರು ಯಾರು?’ ಅಂತ ಬರೆದು ವಾಪಸ್ ಕೊಡುತ್ತಿದ್ದರು. ಎಲೆ ಹೊಲಿದು ಮನೆ ಕಟ್ಟುವ ಚಗಳಿ ಇರುವೆಯ ಬಗ್ಗೆ ಬರೆಯಲು ಕೂತ ನನ್ನನ್ನು ಎಬ್ಬಿಸಿ ಕಚೇರಿ ಹಿಂದಿನ ಮಾವಿನ ಮರದ ಹತ್ತಿರ ಕಳಿಸಿದರು. ಕೆಲವು ಇರುವೆಗಳು ಎರಡು ಎಲೆಗಳ ಅಂಚನ್ನು ಕಚ್ಚಿ ಎಳೆದು ಹಿಡಿದಿದ್ದವು. ಇನ್ನೊಂದು ಇರುವೆ ತಮ್ಮದೇ ಬಿಳಿ ಮರಿಹುಳವನ್ನು ಬಾಯಲ್ಲಿ ಹಿಡಿದು, ಅದರ ತಲೆಯನ್ನು ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ತಾಗಿಸುತ್ತಿತ್ತು. ತಾಗಿಸಿದಲ್ಲೆಲ್ಲ ರೇಷ್ಮೆ ಎಳೆ. ಆ ಮರಿ ತನಗಾಗಿ ಗೂಡು ನೇಯ್ದುಕೊಳ್ಳುವುದೇ ಇಲ್ಲ, ರೇಷ್ಮೆಯೆಲ್ಲ ಮನೆಗೆ. ‘ಯಾಕೆ ಕೊಡುತ್ತದೆ?’ ಅನ್ನುವುದು ನನಗೆ ಅಲ್ಲಿಂದ ಹತ್ತಿದ ಪ್ರಶ್ನೆ. ಇವತ್ತಿಗೂ ಬಿಟ್ಟಿಲ್ಲ. ಅದಕ್ಕೇ ನಿಮ್ಮ ಸಾಲಿನ ಮೇಲೆ ಇಷ್ಟು ಸಿಟ್ಟು.

ಕೊನೆಯ ಪ್ಯಾರಾದ ‘ಮನುಷ್ಯ ಪ್ರಾಣಿಗಳಿಂದ ಕಲಿಯಬೇಕು’ ತೆಗೆಯಿರಿ. ಆ ಜಾಗದಲ್ಲಿ, ತೆಗೆದುಕೊಂಡು ಕೊಡದ ಬಾವಲಿ ಯಾಕೆ ಗೆಲ್ಲುವುದಿಲ್ಲ ಅಂತ ಬರೆಯಿರಿ. ತಿದ್ದಿ ಮಂಗಳೂರಿನ ವಿಳಾಸಕ್ಕೇ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ